ಮುಸುರೆ, ಕ್ಷಾರ, ಗಡಸು ನೀರು

ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುವ ಪುಡಿಯಲ್ಲಿ ಸೋಪು ಇರುವುದಿಲ್ಲ. ನೊರೆ ಎಬ್ಬಿಸುವ ಪದಾರ್ಥವಂತೂ ಇರಲೇಕೂಡದು. ಅದರ ಬಹುಪಾಲು ಸೋಡಾ, ಸಿಟ್ರೇಟ್ ಅಥವಾ ಫಾಸ್ಫೇಟ್, ಸಿಲಿಕೇಟ್. ಉಳಿದದ್ದು ಬಿಳುಪಿನ ಪುಡಿ, ಚಿಟಿಕೆಯಷ್ಟು ಕಿಣ್ವ, ಕೆಲವು ಹನಿ ನೊರೆಯಿಲ್ಲದ ದ್ರಾವಣ. ಈ ಪಟ್ಟಿಯನ್ನು ನೋಡಿದರೆ ಅದು ನಮ್ಮ ಕಾಲದ ಪಾತ್ರೆ ಸೋಪಿಗಿಂತ ನಮ್ಮ ಅಜ್ಜಿಯರ ಒಲೆಯ ಬೂದಿಗೆ ಹತ್ತಿರವಾದದ್ದು ಎನ್ನುವುದು ತಿಳಿಯುತ್ತದೆ. ಬೂದಿಗೂ ಈ ಪುಡಿಗೂ ನಡುವೆ ನೂರು ವರ್ಷಗಳ ಚರಿತ್ರೆಯಿದೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಆ ಚರಿತ್ರೆಯ ಹೆಚ್ಚಿನ ಘಟ್ಟಗಳು ನಡೆದುಹೋಗಿವೆ, ಯಂತ್ರ ಬರುವುದಕ್ಕೆ ಬಹಳ ಮೊದಲೇ. ತೊಳೆಯುವ ಪುಡಿಯ ಪಾಕವನ್ನು ನಿರ್ಧರಿಸುವುದು ಪಾತ್ರೆಗೆ ಅಂಟಿದ ಕೊಳೆ ಎಂದು ನಾವು ಭಾವಿಸುತ್ತೇವೆ. ಈ ಸೀಮೆಯ ಸಾಕ್ಷ್ಯ ಬೇರೆಯದನ್ನೇ ಹೇಳುತ್ತದೆ. ಪಾಕವನ್ನು ನಿರ್ಧರಿಸಿದ್ದು ನೀರು: ತೊಳೆಯುವ ನೀರು ಎಲ್ಲಿಂದ ಬರುತ್ತದೆ, ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳು. ಮೊದಲನೆಯದನ್ನು ಮರೆತಾಗ ಪಾತ್ರೆ ಕೆಟ್ಟಿದೆ, ಎರಡನೆಯದನ್ನು ಮರೆತಾಗ ಕೆರೆ ಕೆಟ್ಟಿದೆ.

ಬೂದಿಯಿಂದಲೇ ಆರಂಭಿಸಬೇಕು. ಸೌದೆಯ ಬೂದಿಯನ್ನು ನೀರಿಗೆ ಹಾಕಿ ಕಲಕಿದರೆ ಕರಗುವ ಭಾಗ ಸ್ವಲ್ಪವೇ, ಅದು ಮುಖ್ಯವಾಗಿ ಪೊಟ್ಯಾಸಿಯಂ ಕಾರ್ಬೊನೇಟ್. ಕರಗದೆ ಉಳಿಯುವ ದೊಡ್ಡ ಪಾಲು ಸುಣ್ಣದ ಅಂಶ ಮತ್ತು ಸಿಲಿಕಾ. ಕರಗಿದ ಕ್ಷಾರ ಜಿಡ್ಡಿನೊಂದಿಗೆ ಸೇರಿ ಅದರ ಒಂದಂಶವನ್ನು ಅಲ್ಲೇ ಸೋಪಾಗಿ ಮಾರ್ಪಡಿಸುತ್ತದೆ, ಕರಗದ ಭಾಗ ತಿಕ್ಕಲು ನೆರವಾಗುತ್ತದೆ. ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಹುಣಸೆಹಣ್ಣು ಬೇರೆ: ಅದರ ಟಾರ್ಟಾರಿಕ್ ಆಮ್ಲ ಲೋಹದ ಮೇಲೆ ಕಟ್ಟಿದ ಕಿಲುಬನ್ನು ಕರಗಿಸುತ್ತದೆ, ಕ್ಷಾರದಿಂದ ಆ ಕೆಲಸ ಆಗುವುದಿಲ್ಲ. ಮೊದಲು ಬೂದಿ, ಬಳಿಕ ಹುಣಸೆ. ಮೊದಲು ಕ್ಷಾರ, ಬಳಿಕ ಆಮ್ಲ. ಇಂದಿನ ಯಂತ್ರ ಕ್ಷಾರದ ಪುಡಿಯಿಂದ ತೊಳೆದು ಕೊನೆಯ ಜಾಲಾಟಕ್ಕೆ ಸಾಮಾನ್ಯವಾಗಿ ಸಿಟ್ರಿಕ್ ಆಮ್ಲವಿರುವ ದ್ರವವನ್ನು ಬಳಸುತ್ತದೆ. ಕ್ರಮ ಅದೇ.

ಇದಕ್ಕೆ ಒಂದು ಆಕ್ಷೇಪ ಸಹಜ. ಬೂದಿ ಕೆಲಸ ಮಾಡಿದ್ದು ಬರೀ ಉಜ್ಜಾಟದಿಂದ, ತೆಂಗಿನ ನಾರು ಹಿಡಿದು ತಿಕ್ಕಿದವರ ರಟ್ಟೆಯ ಬಲದಿಂದ. ಅದರಲ್ಲಿ ರಸಾಯನಶಾಸ್ತ್ರವನ್ನು ಹುಡುಕುವುದು ಹಿಂದಿನವರ ಮೇಲೆ ನಮ್ಮ ತಿಳಿವಳಿಕೆಯನ್ನು ಹೇರಿದಂತೆ ಎನ್ನಬಹುದು. ಆದರೆ ಉಜ್ಜಾಟವೊಂದೇ ಸಾಕಾಗಿದ್ದರೆ ಮರಳು, ಇಟ್ಟಿಗೆ ಪುಡಿ ಬೂದಿಗಿಂತ ಮೇಲಾಗಿರಬೇಕಿತ್ತು. ಅವೂ ಬಳಕೆಯಲ್ಲಿದ್ದವು, ಆದರೆ ಬಳಸುತ್ತಿದ್ದದ್ದು ಮಸಿ ಹಿಡಿದ ತಳಕ್ಕೆ. ಎಣ್ಣೆ ಜಿಡ್ಡಿನ ಪಾತ್ರೆಗೆ ಬೂದಿಯೇ ಬೇಕಿತ್ತು. ಅದೇ ಬೂದಿಯನ್ನು ನೀರಿನಲ್ಲಿ ನೆನೆಸಿ, ಕಸರು ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಸಿದು ಬಟ್ಟೆ ಒಗೆಯಲು ಬಳಸುವ ರೂಢಿಯೂ ಇತ್ತು. ಆ ತಿಳಿಯಲ್ಲಿ ಉಜ್ಜುವ ಕಣ ಒಂದೂ ಇರುವುದಿಲ್ಲ, ಇರುವುದು ಕ್ಷಾರ ಮಾತ್ರ. ಅಗಸರು ಸವುಳು ಮಣ್ಣನ್ನು ಕೆರೆದು ತಂದು ಬಟ್ಟೆ ಬೇಯಿಸಲು ಬಳಸಿದ್ದರ ಕಾರಣವೂ ಇದೇ: ಒಣ ಸೀಮೆಯ ತಗ್ಗು ನೆಲಗಳಲ್ಲಿ ಬೇಸಗೆಗೆ ಮೇಲೆ ಹೂತು ಬರುವ ಬಿಳಿ ಪುಡಿಯಲ್ಲಿ ಸೋಡಿಯಂ ಕಾರ್ಬೊನೇಟ್ ಇರುತ್ತದೆ. ಹೆಸರು ಗೊತ್ತಿರಲಿಲ್ಲ, ಗುಣ ಗೊತ್ತಿತ್ತು. ಗುಣವನ್ನು ಬೇರ್ಪಡಿಸಿ ಬಳಸುವುದೂ ಗೊತ್ತಿತ್ತು.

ಬೂದಿಯ ಇನ್ನೊಂದು ಗುಣ ಚರಿತ್ರೆ ಬರೆಯುವವರ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ. ಈ ಸೀಮೆಯ ಮನೆಗಳಲ್ಲಿ ತಟ್ಟೆ, ತಪ್ಪಲೆಗಳನ್ನು ಮೊದಲು ಬರೀ ನೀರಿನಲ್ಲಿ ಗಲಬರಿಸಿ, ಆ ನೀರನ್ನು ಅಕ್ಕಿ ತೊಳೆದ ನೀರಿನೊಂದಿಗೆ ಸೇರಿಸಿ ಕಲಗಚ್ಚಿನ ಬಾನಿಗೆ ಹುಯ್ಯುತ್ತಿದ್ದರು. ರಾಗಿ, ಅನ್ನ, ಸಾರಿನ ಅಂಶ ದನದ ಹೊಟ್ಟೆ ಸೇರುತ್ತಿತ್ತು. ಬೂದಿ ಹಾಕಿ ತಿಕ್ಕುವುದು ಆಮೇಲೆ. ಆ ನೀರು ಹಿತ್ತಿಲ ಬಾಳೆಗೋ ತೆಂಗಿಗೋ ಹರಿಯುತ್ತಿತ್ತು. ಬೂದಿಯಲ್ಲಿರುವುದು ಪೊಟ್ಯಾಸಿಯಂ. ಬಾಳೆ ಮತ್ತು ತೆಂಗು ಎರಡೂ ಅದನ್ನು ಹೇರಳವಾಗಿ ಬಯಸುವ ಬೆಳೆಗಳು. ಹೀಗೆ ತೊಳೆದ ನೀರು ಎರಡು ಕವಲಾಗಿ ಹರಿದು ಎರಡೂ ಕಡೆ ಉಪಯೋಗಕ್ಕೆ ಬರುತ್ತಿತ್ತು. ಬೂದಿಯ ಬದಲು ಸೋಡಾ ಬಂದಾಗ ಕ್ಷಾರ ಕ್ಷಾರವಾಗಿಯೇ ಉಳಿಯಿತು, ಆದರೆ ಪೊಟ್ಯಾಸಿಯಂ ಹೋಗಿ ಸೋಡಿಯಂ ಬಂತು. ಪಾತ್ರೆಗೆ ಅದರಿಂದ ವ್ಯತ್ಯಾಸವೇನೂ ಇಲ್ಲ. ಮಣ್ಣಿಗೆ ಬಹಳ ವ್ಯತ್ಯಾಸವಿದೆ: ಸೋಡಿಯಂ ಹೆಚ್ಚಾದ ಜೇಡಿ ಮಣ್ಣು ನೀರು ಇಂಗಿಸಿಕೊಳ್ಳುವ ಗುಣ ಕಳೆದುಕೊಂಡು ಚೌಳಾಗುತ್ತದೆ.

ನೊರೆ ಬರುವ ತೊಳೆಪು ಈ ಸೀಮೆಗೆ ಕಾಡಿನಿಂದ ಬಂತು. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಜೇನು, ನೆಲ್ಲಿ, ಮಾಗಳಿ ಬೇರಿನ ಜೊತೆಗೆ ಅಂಟುವಾಳ ಮತ್ತು ಸೀಗೆಯನ್ನು ತಲೆಮಾರುಗಳಿಂದ ಸಂಗ್ರಹಿಸುತ್ತಿದ್ದರು. ಅಂಟುವಾಳದ ಸಿಪ್ಪೆಯಲ್ಲಿ ಸಪೋನಿನ್ ಇದೆ. ಅದು ನೀರಿನ ಮೇಲ್ಮೈ ಬಿಗುವನ್ನು ಸಡಿಲಿಸಿ ಜಿಡ್ಡನ್ನು ಎಬ್ಬಿಸುತ್ತದೆ. ಸೋಪಿನಂತೆ ಕ್ಷಾರವಲ್ಲ, ಸ್ವಲ್ಪ ಹುಳಿಯ ಕಡೆಗೇ ವಾಲಿದ್ದು. ಸೋಪನ್ನು ಗಡಸು ನೀರಿಗೆ ಹಾಕಿದರೆ ಅದರಲ್ಲಿರುವ ಸುಣ್ಣದ ಅಂಶ ಸೋಪಿನೊಂದಿಗೆ ಸೇರಿ ಕರಗದ ಬೂದು ಗಷ್ಟಾಗುತ್ತದೆ. ಅಂಟುವಾಳಕ್ಕೆ ಆ ಕಾಟವಿಲ್ಲ. ಬೇಳೆ ಬೇಯದ ಬಾವಿಯ ನೀರಿನಲ್ಲೂ ಅದು ನೊರೆ ಕೊಡುತ್ತದೆ. ರೇಷ್ಮೆ ಸೀರೆಗೆ, ಅಕ್ಕಸಾಲಿಗರ ಒಡವೆಗೆ, ತಲೆಗೂದಲಿಗೆ ಅದೇ ಬೇಕೆಂದು ಜನ ಹಟ ಹಿಡಿದದ್ದರಲ್ಲಿ ಈ ಎರಡೂ ಕಾರಣಗಳಿದ್ದವು: ಅದು ನವಿರಾದದ್ದು, ಮತ್ತು ನಮ್ಮ ನೀರಿಗೆ ಹೊಂದುವಂಥದ್ದು.

ಕಾಡಿನ ಈ ಸರಕಿನ ವ್ಯಾಪಾರ ದೀರ್ಘಕಾಲ ಗುತ್ತಿಗೆದಾರರ ಕೈಯಲ್ಲಿತ್ತು. 1980ರ ದಶಕದಲ್ಲಿ ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳು, ಜನ ಲ್ಯಾಂಪ್ಸ್ ಎಂದು ಕರೆಯುವ ಸಂಸ್ಥೆಗಳು, ಸಂಗ್ರಹದ ಹಕ್ಕು ಪಡೆದವು. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದ ಮೇಲೆ ಕಾಡಿನ ಉತ್ಪನ್ನವನ್ನು ಅಲ್ಲೇ ಸಂಸ್ಕರಿಸುವ ಪ್ರಯತ್ನಗಳೂ ನಡೆದವು. ಆದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ಫಲವಾಗಿ ಅಭಯಾರಣ್ಯದಿಂದ ಮಾರಾಟಕ್ಕಾಗಿ ಸಂಗ್ರಹಿಸುವುದು ನಿಂತಿತು. ಅರಣ್ಯ ಹಕ್ಕು ಕಾಯ್ದೆಯಡಿ 2011ರ ಅಕ್ಟೋಬರ್ 2ರಂದು ಬಿಳಿಗಿರಿರಂಗನ ಬೆಟ್ಟದ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರಕಿತು. ಅಷ್ಟರಲ್ಲಿ ಊರಿನ ಬಚ್ಚಲು, ಅಡುಗೆಮನೆಗಳಲ್ಲಿ ಅಂಟುವಾಳದ ಜಾಗವನ್ನು ಸೋಪು, ಶಾಂಪೂ ಹಿಡಿದುಕೊಂಡಾಗಿತ್ತು. ಸೋಲಿಗರಿಗೆ ಆದ ನಷ್ಟವನ್ನು ನಾವು ಸಂರಕ್ಷಣೆಯ ಲೆಕ್ಕದಲ್ಲಿ ಮಾತ್ರ ಬರೆಯುತ್ತೇವೆ. ತೊಳೆಯುವ ಪದಾರ್ಥದ ಚರಿತ್ರೆಯಲ್ಲೂ ಅದನ್ನು ಬರೆಯಬೇಕು.

ತೊಳೆಯುವ ರಸಾಯನವನ್ನು ಈ ಸೀಮೆ ಅತ್ಯಂತ ಕಟ್ಟುನಿಟ್ಟಾಗಿ ಕಲಿತದ್ದು ರೇಷ್ಮೆಯಿಂದ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಕಂಪನಿಯ ಕೈಗೆ ಹೋಗಿ, ಮುಂದೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರವರೆಗೂ ಅಲ್ಲೇ ಇತ್ತು. ಇಂದಿನ ಹನೂರು ತಾಲ್ಲೂಕು ಆಗ ಕೊಳ್ಳೇಗಾಲದ ಒಳಗೇ ಇತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದದ್ದು. ಆಡಳಿತ ಬೇರೆಯಾದರೂ ಹಿಪ್ಪುನೇರಳೆ ಎರಡೂ ಕಡೆ ಬೆಳೆಯಿತು. ಇಡೀ ಮದ್ರಾಸ್ ಪ್ರಾಂತ್ಯಕ್ಕೆ ರೇಷ್ಮೆ ಕೃಷಿಯ ಮುಖ್ಯ ನೆಲೆ ಕೊಳ್ಳೇಗಾಲವೇ ಆಗಿತ್ತು. ಗೂಡಿನಿಂದ ಬಿಚ್ಚಿದ ಕಚ್ಚಾ ರೇಷ್ಮೆಯ ಎಳೆ ಬಿರುಸಾಗಿ, ಮಂಕಾಗಿ ಇರುತ್ತದೆ. ಒಳಗಿನ ಎಳೆ ಫೈಬ್ರೊಯಿನ್, ಅದರ ಸುತ್ತ ಸೆರಿಸಿನ್ ಎಂಬ ಅಂಟು. ಎರಡೂ ಪ್ರೋಟೀನುಗಳೇ. ಕಚ್ಚಾ ರೇಷ್ಮೆಯ ತೂಕದಲ್ಲಿ ನೂರಕ್ಕೆ 20ರಿಂದ 30 ಪಾಲು ಈ ಅಂಟೇ ಇರುತ್ತದೆ. ಬಣ್ಣ ಹಾಕುವ ಮೊದಲು ಲಡಿಗಳನ್ನು ಸೋಪು, ಸೋಡಾ ಕರಗಿಸಿದ ನೀರಿನಲ್ಲಿ, ಕುದಿಗೆ ತುಸು ಕೆಳಗಿನ ಕಾವಿನಲ್ಲಿ ತಿರುವುತ್ತಾ ಬೇಯಿಸಿ ಅಂಟನ್ನು ತೆಗೆಯಬೇಕು. ಕ್ಷಾರ ಕಡಿಮೆಯಾದರೆ ಅಂಟು ಉಳಿದು ಬಣ್ಣ ಕುಡಿಯುವುದಿಲ್ಲ. ಹೆಚ್ಚಾದರೆ ಎಳೆಯೇ ಸತ್ವ ಕಳೆದುಕೊಳ್ಳುತ್ತದೆ. ಪಿಎಚ್ ಸುಮಾರು 10ರ ಆಸುಪಾಸಿನಲ್ಲಿ ನಿಲ್ಲಬೇಕು. ಒಂದು ಪ್ರೋಟೀನನ್ನು ಕರಗಿಸಿ ಇನ್ನೊಂದನ್ನು ಉಳಿಸಿಕೊಳ್ಳುವ ಕೆಲಸ ಇದು. ಅಂಚು ಬಹಳ ಕಿರಿದು.

ನೀರಿನ ಪ್ರಶ್ನೆ ಇಲ್ಲಿ ಕಣ್ಣಿಗೆ ಹೊಡೆಯುವಂತೆ ಎದುರಾಗುತ್ತದೆ. ಗಡಸು ನೀರಿನಲ್ಲಿ ಸೋಪು ಹಾಕಿ ಬೇಯಿಸಿದರೆ ಸುಣ್ಣದ ಸೋಪಿನ ಗಷ್ಟು ಎಳೆಗೆ ಮೆತ್ತಿಕೊಳ್ಳುತ್ತದೆ, ಬಣ್ಣ ಅಲ್ಲಲ್ಲಿ ಕಲೆಯಾಗಿ ಕೂರುತ್ತದೆ, ಹೊಳಪು ಏಳುವುದಿಲ್ಲ. ಸೀರೆ ನೇಯ್ದ ಮೇಲೆ ಇದನ್ನು ಸರಿಪಡಿಸುವ ದಾರಿ ಇಲ್ಲ. ಹಾಗಾಗಿ ರೇಷ್ಮೆ ಬೇಯಿಸುವವರಿಗೆ ಮೆದು ನೀರು ಬೇಕೇ ಬೇಕು. ಸಿಗದಿದ್ದರೆ ಮೊದಲು ನೀರಿಗೆ ಸೋಡಾ ಹಾಕಿ ಸುಣ್ಣವನ್ನು ಇಳಿಸಿ, ಆಮೇಲೆ ಸೋಪು ಹಾಕಬೇಕು. ಇದೇ ಕೆಲಸವನ್ನು ಈಚೆಗೆ ಕಿಣ್ವದಿಂದಲೂ ಮಾಡಿಸುತ್ತಾರೆ: ಪ್ರೋಟೀನನ್ನು ಕತ್ತರಿಸುವ ಪ್ರೋಟಿಯೇಸ್ ಸೆರಿಸಿನ್ನನ್ನು ಕಡಿಮೆ ಕಾವಿನಲ್ಲೇ ಬಿಡಿಸುತ್ತದೆ. ತಟ್ಟೆಯ ಮೇಲೆ ಒಣಗಿ ಅಂಟಿದ ಮೊಟ್ಟೆಯನ್ನು ಬಿಡಿಸಲು ಯಂತ್ರದ ಪುಡಿಯಲ್ಲಿ ಹಾಕುವುದೂ ಅದೇ ಬಳಗದ ಕಿಣ್ವವನ್ನು. ಕ್ಷಾರ, ಕಾವು, ಪ್ರೋಟಿಯೇಸ್, ಮೆದುಗೊಳಿಸಿದ ನೀರು: ಕೊಳ್ಳೇಗಾಲದ ರೇಷ್ಮೆಯ ಬಾನಿಯಲ್ಲಿ ಈ ನಾಲ್ಕೂ ಒಟ್ಟಿಗೆ ನಿಲ್ಲುವುದನ್ನು ಕಂಡವರಿಗೆ ಪಾತ್ರೆ ಯಂತ್ರದ ಪುಡಿ ಹೊಸ ವಿದ್ಯೆಯಾಗಿ ಕಾಣಬೇಕಾಗಿಲ್ಲ.

ಸೋಪು, ಸೋಡಾ ಈ ಸೀಮೆಗೆ ಸಲೀಸಾಗಿ ಸಿಗುವಂತಾದದ್ದು ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ, ಅದೂ ಎರಡು ಸರ್ಕಾರಗಳ ಕಡೆಯಿಂದ. ಮದ್ರಾಸ್ ಸರ್ಕಾರ ಸರ್ ಫ್ರೆಡರಿಕ್ ನಿಕಲ್ಸನ್ ಅವರ ಪ್ರೇರಣೆಯಿಂದ 1914ರಲ್ಲಿ ಸೋಪಿನ ಪ್ರಯೋಗ ಆರಂಭಿಸಿತು. ಅದೇ ಕಲ್ಲಿಕೋಟೆಯ ಕೇರಳ ಸೋಪ್ ಇನ್‌ಸ್ಟಿಟ್ಯೂಟ್ ಆಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಸೋಸಲೆ ಗರಳಪುರಿ ಶಾಸ್ತ್ರಿಗಳ ವಿದ್ಯೆಯ ಬಲದಿಂದ ಬೆಂಗಳೂರಿನ ಸರ್ಕಾರಿ ಸೋಪ್ ಕಾರ್ಖಾನೆ ಎದ್ದಿತು. ಮೊದಲ ಮಹಾಯುದ್ಧ ಎರಡೂ ಸರ್ಕಾರಗಳಿಗೆ ಒಂದೇ ಪಾಠ ಹೇಳಿತ್ತು: ಆಮದು ನಿಂತರೆ ಎಲ್ಲವೂ ನಿಲ್ಲುತ್ತದೆ. ಆದರೆ ಸೋಪಿಗೂ ರೇಷ್ಮೆಗೂ ಬೇಕಾದ ಮೂಲ ಕ್ಷಾರ, ಅಂದರೆ ಸೋಡಾ ಬೂದಿ, ಬಹುಪಾಲು ಇಂಗ್ಲೆಂಡಿನಿಂದಲೇ ಬರುತ್ತಿತ್ತು. 1939ರಲ್ಲಿ ಆರಂಭವಾದ ಟಾಟಾ ಕೆಮಿಕಲ್ಸ್ ಗುಜರಾತಿನ ಕಡಲಂಚಿನ ಮಿಠಾಪುರದಲ್ಲಿ ಸಮುದ್ರದ ಉಪ್ಪಿನಿಂದ ಸೋಡಾ ತಯಾರಿಸಲು ತೊಡಗಿದ ಮೇಲೆ ವಾಷಿಂಗ್ ಸೋಡಾ ಹಳ್ಳಿಯ ಅಂಗಡಿಯಲ್ಲಿ ಕೈಗೆಟಕುವ ಸರಕಾಗುತ್ತ ಬಂತು. ಕಾಡಿನ ಸೌದೆಯಿಂದ ಬರುತ್ತಿದ್ದ ಕ್ಷಾರ ಈಗ ಕಡಲಿನಿಂದ ಬರತೊಡಗಿತ್ತು.

ಆಮೇಲಿನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಮುಗಿಸಬಹುದು. ವಿಮ್ ಪುಡಿ ಇಂಗ್ಲೆಂಡಿನಲ್ಲಿ 1904ರಲ್ಲಿ ಹುಟ್ಟಿದ್ದು. ನಮ್ಮಲ್ಲಿ ಅದರ ಜೊತೆ ಸಬೀನಾ ಮನೆಮಾತಾಯಿತು. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದು ಬಟ್ಟೆಯ ಪುಡಿಯ ಮಾರುಕಟ್ಟೆಯನ್ನು ಬದಲಿಸಿದವು. ಅದೇ ಗಾಳಿಯಲ್ಲಿ ಪಾತ್ರೆ ಪುಡಿಯನ್ನು ತಯಾರಿಸುವ ಸಣ್ಣ ಘಟಕಗಳು ಊರೂರಿಗೂ ಹಬ್ಬಿದವು. ನುಣ್ಣಗೆ ಬೀಸಿದ ಕಲ್ಲಿನ ಪುಡಿ, ಸೋಡಾ, ಆಸಿಡ್ ಸ್ಲರಿ ಎಂಬ ಮಾರ್ಜಕ ದ್ರವ, ಒಂದಿಷ್ಟು ನಿಂಬೆಯ ಕಂಪು: ಇಷ್ಟು ಇದ್ದರೆ ಪುಡಿ ಸಿದ್ಧ. ಇಲ್ಲಿ ನಡೆದ ಒಂದು ಪಲ್ಲಟವನ್ನು ಮಾತ್ರ ನಿಲ್ಲಿಸಿ ನೋಡಬೇಕು. ಆಸಿಡ್ ಸ್ಲರಿ ಗಡಸು ನೀರಿನಲ್ಲೂ ಸೋಪಿಗಿಂತ ಚೆನ್ನಾಗಿ ನೊರೆ ಕೊಡುತ್ತದೆ, ಹಾಗಾಗಿ ಜನ ನೊರೆಯನ್ನೇ ಶುಚಿಯ ಗುರುತಾಗಿ ಒಪ್ಪಿಕೊಂಡರು. ತೊಳೆದ ನೀರು ದನಕ್ಕೆ ಹಾಕುವಂತಿಲ್ಲವಾಯಿತು. ಗಲಬರಿಸುವ ಮೊದಲ ಹಂತವೇ ಬಿಟ್ಟುಹೋಗಿ, ಅನ್ನ, ಜಿಡ್ಡು, ಪುಡಿ ಎಲ್ಲವೂ ಒಂದೇ ಮೋರಿಗೆ ಹೋದವು. ನೊರೆಗೂ ಜಿಡ್ಡು ತೆಗೆಯುವ ಶಕ್ತಿಗೂ ನೇರ ನಂಟಿಲ್ಲ ಎಂಬುದನ್ನು ಪ್ರಯೋಗಾಲಯ ಬಲ್ಲದು, ಮಾರುಕಟ್ಟೆ ಮಾತ್ರ ನೊರೆಯನ್ನೇ ಮಾರಿತು.

ಯಂತ್ರ ಈ ನಂಬಿಕೆಯನ್ನು ಮುರಿಯಿತು. 1886ರ ಡಿಸೆಂಬರ್ 28ರಂದು ಅಮೆರಿಕದ ಜೋಸೆಫೀನ್ ಕಾಕ್ರನ್ ಪಾತ್ರೆ ತೊಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. 1893ರ ಷಿಕಾಗೊ ವಸ್ತುಪ್ರದರ್ಶನದಲ್ಲಿ ಅದು ಹೋಟೆಲಿನವರ ಕಣ್ಣಿಗೆ ಬಿತ್ತು. ಯಂತ್ರದಲ್ಲಿ ಕೈಯಿಲ್ಲ, ನಾರಿಲ್ಲ, ಉಜ್ಜಾಟವಿಲ್ಲ. ಬಿಸಿನೀರು ರಭಸವಾಗಿ ಪಾತ್ರೆಗೆ ಬಡಿಯಬೇಕು, ಅಷ್ಟೇ. ನೊರೆ ಬಂದರೆ ಪಂಪು ನೀರಿನ ಬದಲು ಗಾಳಿಯನ್ನು ಎಳೆಯುತ್ತದೆ, ಬಡಿತದ ರಭಸ ಕುಗ್ಗುತ್ತದೆ, ಬಾಗಿಲಿನಿಂದ ನೊರೆ ಹೊರಚೆಲ್ಲುತ್ತದೆ. ಹಾಗಾಗಿ ಸೋಪು ಹೊರಗೆ. ಸೋಡಾವನ್ನೊಂದೇ ಹಾಕಿದರೆ ಇನ್ನೊಂದು ತೊಡಕು: ಸೋಡಾ ಗಡಸು ನೀರಿನ ಸುಣ್ಣವನ್ನು ಬಿಳಿ ಕಸರಾಗಿ ಇಳಿಸುತ್ತದೆ. ಕೈಯಲ್ಲಿ ತೊಳೆಯುವಾಗ ಆ ಕಸರು ನೀರಿನೊಂದಿಗೆ ಹೋಗುತ್ತದೆ, ಯಂತ್ರದಲ್ಲಿ ಅದು ಗಾಜಿನ ಲೋಟದ ಮೇಲೆ ಮಂಜಿನಂತೆ ಕೂರುತ್ತದೆ. ಸುಣ್ಣವನ್ನು ಇಳಿಯಗೊಡದೆ ನೀರಿನಲ್ಲೇ ಹಿಡಿದಿಡುವ ಪದಾರ್ಥ ಬೇಕಾಯಿತು. 1930ರ ದಶಕದಲ್ಲಿ ಕ್ಯಾಲ್ಗಾನ್ ಎಂಬ ಹೆಸರಿನಲ್ಲಿ ಬಂದ ಸಂಕೀರ್ಣ ಫಾಸ್ಫೇಟ್ ಆ ಕೆಲಸ ಮಾಡಿತು. 1955ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಕ್ಯಾಸ್ಕೇಡ್ ಪುಡಿಯನ್ನು ಮಾರುಕಟ್ಟೆಗೆ ತಂದಿತು. ಮುಂದೆ ಸೋಡಿಯಂ ಟ್ರೈಪಾಲಿಫಾಸ್ಫೇಟ್ ದಶಕಗಳ ಕಾಲ ಯಂತ್ರದ ಪುಡಿಗಳ ಬೆನ್ನೆಲುಬಾಯಿತು.

ಇಂಥ ಪುಡಿಯನ್ನು ಬೆರೆಸುವುದನ್ನು ಹತ್ತಿರದಿಂದ ನೋಡಿದರೆ ನೀರಿನ ಪ್ರಶ್ನೆ ತಯಾರಿಕೆಯಲ್ಲೂ ಕಾಡುವುದು ಕಾಣುತ್ತದೆ. ಮೊದಲು ಒಣ ಸೋಡಾ ಬೂದಿಯನ್ನು ಮಿಕ್ಸರಿಗೆ ಹಾಕಿ ತಿರುಗಿಸುತ್ತಾ, ನೊರೆಯಿಲ್ಲದ ಅಯಾನುರಹಿತ ದ್ರವವನ್ನು ನೂರಕ್ಕೆ ಒಂದೆರಡು ಪಾಲಿನಷ್ಟು ಸಣ್ಣ ತುಂತುರಾಗಿ ಸಿಂಪಡಿಸುತ್ತಾರೆ. ರಂಧ್ರಗಳುಳ್ಳ ಸೋಡಾ ಅದನ್ನು ಹೀರಿಕೊಂಡು ಮತ್ತೆ ಪುಡಿಯಾಗಿಯೇ ಉಳಿಯಬೇಕು. ದ್ರವ ಒಂದೇ ಕಡೆ ಬಿದ್ದರೆ ಉಂಡೆ ಕಟ್ಟುತ್ತದೆ. ಆಮೇಲೆ ಸಿಟ್ರೇಟ್, ಸಿಲಿಕೇಟ್. ಸಿಲಿಕೇಟ್ ಇರುವುದು ಲೋಹ ಮತ್ತು ಗಾಜನ್ನು ಕ್ಷಾರದಿಂದ ಕಾಯಲು. ಕೊನೆಗೆ, ಕಾವು ಏರದಂತೆ ನೋಡಿಕೊಂಡು, ಮೇಲೆ ಲೇಪ ಕೊಟ್ಟ ಕಿಣ್ವದ ಕಾಳು ಮತ್ತು ಸೋಡಿಯಂ ಪರ್ಕಾರ್ಬೊನೇಟ್. ಹಿಂದೆ ಬಿಳುಪಿಗೆ ಕ್ಲೋರಿನ್ ಬಿಡುಗಡೆ ಮಾಡುವ ಪುಡಿ ಇರುತ್ತಿತ್ತು, ಅದು ಕಿಣ್ವವನ್ನು ಕೊಲ್ಲುತ್ತಿತ್ತು. ಪರ್ಕಾರ್ಬೊನೇಟ್ ಬಂದ ಮೇಲೆ ಬಿಳುಪು, ಕಿಣ್ವ ಎರಡೂ ಒಂದೇ ಡಬ್ಬಿಯಲ್ಲಿ ಬಾಳುವಂತಾಯಿತು. ಆದರೂ ಮಳೆಗಾಲದ ತೇವ ಒಳಹೊಕ್ಕರೆ ಎಲ್ಲವೂ ಕೆಡುತ್ತದೆ: ಸೋಡಾ ಗಟ್ಟಿಯಾಗುತ್ತದೆ, ಪರ್ಕಾರ್ಬೊನೇಟ್ ಆಮ್ಲಜನಕ ಕಳೆದುಕೊಳ್ಳುತ್ತದೆ, ಕಿಣ್ವ ಸಾಯುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟನ್ನು ಇಂಥ ಪುಡಿಯಲ್ಲಿ ಬಳಸಲಾಗದ ಮುಖ್ಯ ಕಾರಣವೂ ಇದೇ, ಅದು ಗಾಳಿಯ ತೇವವನ್ನು ಹೀರಿ ತಾನೇ ನೀರಾಗಿಬಿಡುತ್ತದೆ. ಒಲೆಯ ಬೂದಿ ಹಾಗೆ ಆಗದಿರುವುದು ಅದರಲ್ಲಿರುವ ಸುಣ್ಣ, ಸಿಲಿಕಾಗಳ ದೊಡ್ಡ ಪಾಲಿನಿಂದ. ಆ ಕರಗದ ಪಾಲನ್ನು ಯಂತ್ರದ ಶೋಧಕ ಒಪ್ಪುವುದಿಲ್ಲ. ಬೂದಿಯನ್ನು ಯಂತ್ರಕ್ಕೆ ಹಾಕಲಾಗದು ಎನ್ನುವುದಕ್ಕೆ ಇಷ್ಟು ಸಾಕು.

ಫಾಸ್ಫೇಟ್ ಪಾತ್ರೆಯ ಮಟ್ಟಿಗೆ ನಿಷ್ಕಳಂಕ ಪದಾರ್ಥವಾಗಿತ್ತು. ತೊಳೆದ ನೀರು ಕೆರೆ ಸೇರಿದ ಮೇಲೆ ಕೇಡು ಶುರುವಾಯಿತು. ಫಾಸ್ಫೇಟಿನಲ್ಲಿರುವ ರಂಜಕ ಪಾಚಿಗೆ ಗೊಬ್ಬರ; ಪಾಚಿ ಉಕ್ಕಿ ಬೆಳೆದು, ಸತ್ತು ಕೊಳೆತು, ನೀರಿನ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ. 2010ರ ಜುಲೈನಲ್ಲಿ ಅಮೆರಿಕದ 16 ರಾಜ್ಯಗಳು ಯಂತ್ರದ ಪುಡಿಯಲ್ಲಿ ಫಾಸ್ಫೇಟನ್ನು ಹೆಚ್ಚುಕಡಿಮೆ ಇಲ್ಲವಾಗಿಸಿದವು. ಐರೋಪ್ಯ ಒಕ್ಕೂಟ 2017ರ ಜನವರಿ 1ರಿಂದ ಒಂದು ಸಲದ ಬಳಕೆಗೆ 0.3 ಗ್ರಾಂ ರಂಜಕದ ಮಿತಿ ಹಾಕಿತು. ಸಿಟ್ರೇಟ್ ಮತ್ತು ಅದರಂತೆ ಬೇಗ ಕೊಳೆತುಹೋಗುವ ಹೊಸ ಬಂಧಕಗಳು ಆ ಜಾಗಕ್ಕೆ ಬಂದವು. ನಮ್ಮಲ್ಲಿ 2015ರ ಹೊತ್ತಿಗೆ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿದ್ದನ್ನು ದೇಶವೇ ನೋಡಿತು. ಮಾರ್ಜಕ ಮತ್ತು ರಂಜಕ ತುಂಬಿದ ಕೊಳಚೆ ನೀರಿನತ್ತ ವಿಜ್ಞಾನಿಗಳು ಬೊಟ್ಟು ಮಾಡಿದರು. ಕೊಳ್ಳೇಗಾಲದ ಕೆರೆಗಳು, ಯಳಂದೂರನ್ನು ಹಾದು ಕಾವೇರಿಗೆ ಸೇರುವ ಸುವರ್ಣಾವತಿ ಬೆಳ್ಳಂದೂರಿಗಿಂತ ಸಣ್ಣ ಜಲರಾಶಿಗಳು. ಸಣ್ಣದಾದಷ್ಟೂ ಬೇಗ ಕೆಡುತ್ತವೆ.

ಹಾಗಾದರೆ ಮತ್ತೆ ಅಂಟುವಾಳಕ್ಕೆ ಹೋಗೋಣ ಎನ್ನುವವರಿದ್ದಾರೆ. ಅವರ ಕಾಳಜಿ ದೊಡ್ಡದು, ಆದರೆ ಸಲಹೆ ನಿಲ್ಲುವುದಿಲ್ಲ. ಸಪೋನಿನ್ ಯಂತ್ರದಲ್ಲಿ ನೊರೆ ಎಬ್ಬಿಸುತ್ತದೆ. ಒಣಗಿದ ರಾಗಿಯ ಪಿಷ್ಟವನ್ನಾಗಲಿ ಮೊಟ್ಟೆಯನ್ನಾಗಲಿ ಅದು ಕತ್ತರಿಸಲಾರದು. ಇನ್ನೊಂದು ಮಾತು: ಸಪೋನಿನ್ ಮೀನಿಗೆ ವಿಷ, ಸಪೋನಿನ್ ಇರುವ ಗಿಡಗಳನ್ನು ಹಳ್ಳದ ನೀರಿಗೆ ಹಾಕಿ ಮೀನು ಹಿಡಿಯುವ ಪದ್ಧತಿ ಭಾರತದ ಹಲವೆಡೆ ಇತ್ತು. ಕಾಡಿನಿಂದ ಬಂದದ್ದೆಲ್ಲ ಕೆರೆಗೆ ಒಳ್ಳೆಯದಾಗಬೇಕಿಲ್ಲ. ಅಂಟುವಾಳದ ಜಾಗ ರೇಷ್ಮೆ ಸೀರೆ, ಒಡವೆ, ಕೈತೊಳೆಪು. ಅಲ್ಲಿ ಅದಕ್ಕೆ ನ್ಯಾಯವಾದ ಬೆಲೆ ಕೊಟ್ಟು ಸೋಲಿಗರಿಂದ ಕೊಳ್ಳುವುದು ಸಾಧ್ಯ, ಅದು ಆಗಬೇಕು. ಇನ್ನು ಕೆಲವರು ಯಂತ್ರದಲ್ಲೇ ನೀರು ಮೆದುಗೊಳಿಸುವ ರಾಳ ಇದೆಯಲ್ಲ, ಉಪ್ಪು ಹಾಕಿದರೆ ಸಾಕು, ಪುಡಿಯ ಚಿಂತೆ ಏಕೆ ಎನ್ನುತ್ತಾರೆ. ರಾಳ ಸುಣ್ಣವನ್ನು ಹಿಡಿದು ಸೋಡಿಯಂ ಬಿಡುತ್ತದೆ. ರಾಳವನ್ನು ಚೇತರಿಸಲು ಹಾಕಿದ ಉಪ್ಪು ಉಪ್ಪುನೀರಾಗಿ ಮೋರಿಗೇ ಹೋಗುತ್ತದೆ. ಲೋಟ ಹೊಳೆಯುತ್ತದೆ, ನಿಜ. ಆದರೆ ಒಳಬರುವ ನೀರಿನ ತೊಡಕು ಹೊರಹೋಗುವ ನೀರಿಗೆ ವರ್ಗವಾಯಿತೇ ಹೊರತು ಬಗೆಹರಿಯಲಿಲ್ಲ.

ಯಂತ್ರ ಸಿರಿವಂತರ ವಸ್ತು, ಹನೂರಿನ ಹಳ್ಳಿಗೂ ಅದಕ್ಕೂ ಏನು ಸಂಬಂಧ ಎಂಬ ಆಕ್ಷೇಪವನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ 2020ರ ಲಾಕ್‌ಡೌನಿನಲ್ಲಿ ದೇಶದ ನಗರಗಳಲ್ಲಿ ಇದರ ಬೇಡಿಕೆ ಒಮ್ಮೆಲೇ ಏರಿತು. ನಗರದಲ್ಲಿ ಬೇರೂರಿದ ಅಡುಗೆಮನೆಯ ಸಾಮಾನು ಒಂದೆರಡು ದಶಕಗಳಲ್ಲಿ ತಾಲ್ಲೂಕು ಕೇಂದ್ರಕ್ಕೆ ಬರುವುದನ್ನು ಮಿಕ್ಸಿ, ಗ್ರೈಂಡರ್ ವಿಷಯದಲ್ಲಿ ಕಂಡಿದ್ದೇವೆ. ವಸತಿಶಾಲೆ, ಹೋಟೆಲು, ಕಲ್ಯಾಣ ಮಂಟಪ, ದಾಸೋಹದ ಅಡುಗೆಮನೆಗಳಿಗೆ ಅದು ಮನೆಗಳಿಗಿಂತ ಮೊದಲೇ ಬರಬಹುದು. ಬರುವ ಮೊದಲೇ ಯಾವ ಪುಡಿ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಬಂದ ಮೇಲೆ ಕೇಳಿದರೆ ಹೊರದೇಶದ ಮೊಟ್ಟೆ, ಚೀಸು, ಮೆದು ನೀರಿಗಾಗಿ ಕಟ್ಟಿದ ಪಾಕವೇ ನಮ್ಮ ಪಾಲಿಗೆ ಉಳಿದಿರುತ್ತದೆ.

ಲೆಕ್ಕ ಹಾಕುವುದು ಕಷ್ಟವಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಒಂದು ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪುತ್ತದೆ, ಬೇರೆ ನೀರು ಸಿಗದ ಕಡೆ 600ರವರೆಗೆ ಬಿಡುತ್ತದೆ. ಯಂತ್ರ ಒಂದು ಸಲಕ್ಕೆ 4 ಲೀಟರ್ ತುಂಬಿಕೊಳ್ಳುತ್ತದೆ, ಬೋರ್ ನೀರಿನ ಗಡಸುತನ 400 ಎಂದಿಟ್ಟುಕೊಳ್ಳಿ. ಆ ನೀರಿನಲ್ಲಿ 1.6 ಗ್ರಾಂ ಸುಣ್ಣದಕಲ್ಲಿಗೆ ಸಮನಾದ ಗಡಸುತನವಿದೆ, ಅದನ್ನು ಹಿಡಿದಿಡಲು ಕಡಿಮೆಯೆಂದರೂ 4.7 ಗ್ರಾಂ ಸೋಡಿಯಂ ಸಿಟ್ರೇಟ್ ಬೇಕು. ಅದೇ ಯಂತ್ರಕ್ಕೆ 100 ಮಿಲಿಗ್ರಾಂ ಗಡಸುತನದ ಹೊಳೆ ನೀರು ಬಂದರೆ 1.2 ಗ್ರಾಂ ಸಾಕು. ಒಂದು ಸಲಕ್ಕೆ ಹಾಕುವ ಪುಡಿಯೇ ಸುಮಾರು 20 ಗ್ರಾಂ ಇರುವಾಗ ಇದು ಸಣ್ಣ ವ್ಯತ್ಯಾಸವಲ್ಲ. ಕೊಳೆ ಎರಡು ಮನೆಗಳಲ್ಲೂ ಒಂದೇ: ಮುದ್ದೆ ತಪ್ಪಲೆಯ ತಳದ ಸೀಕಲು, ಉಪ್ಸಾರಿನ ಖಾರ, ಅರಿಶಿನದ ಕಲೆ. ಮುದ್ದೆಯ ಪಿಷ್ಟಕ್ಕೆ ಅಮೈಲೇಸ್ ಹೆಚ್ಚು ಬೇಕು, ಅರಿಶಿನಕ್ಕೆ ಪರ್ಕಾರ್ಬೊನೇಟ್ ಬೇಕು. ಅಲ್ಯೂಮಿನಿಯಂ ತಪ್ಪಲೆ ಕ್ಷಾರಕ್ಕೆ ಕಪ್ಪಾಗುತ್ತದೆ, ಹಿತ್ತಾಳೆ ಮಂಕಾಗುತ್ತದೆ, ಅವೆರಡನ್ನೂ ಯಂತ್ರದಿಂದ ದೂರವೇ ಇಡಬೇಕು. ಇವೆಲ್ಲ ಒಂದೇ ಸಲ ತೀರ್ಮಾನವಾಗುವ ಸಂಗತಿಗಳು. ನೀರಿಗೆ ಹೊಂದಿಸುವ ಪಾಲು ಮಾತ್ರ ಊರಿನಿಂದ ಊರಿಗೆ, ಕಾವೇರಿ ನೀರಿನ ನಲ್ಲಿಯಿಂದ ಬೋರ್‌ವೆಲ್ಲಿಗೆ ಬದಲಾಗುತ್ತದೆ. ಪುಡಿಯನ್ನು ಎರಡು ಡಬ್ಬಿಯಾಗಿ, ಕ್ಷಾರ ಮತ್ತು ಕಿಣ್ವ ಒಂದರಲ್ಲಿ, ಸಿಟ್ರೇಟ್ ಇನ್ನೊಂದರಲ್ಲಿ ಮಾರಿದರೆ ಮನೆಯವರೇ ತಮ್ಮ ನೀರಿಗೆ ತಕ್ಕಷ್ಟು ಹಾಕಿಕೊಳ್ಳಬಹುದು, ಅನವಶ್ಯಕ ಸೋಡಿಯಂ ಹಿತ್ತಿಲಿಗೆ ಹೋಗುವುದೂ ತಪ್ಪುತ್ತದೆ. ರೇಷ್ಮೆ ಬೇಯಿಸುವವರು ನೀರಿನ ಗಡಸುತನ ನೋಡಿ ಸೋಡಾ ಹಾಕಿದ್ದು ಇದೇ ಊರಿನಲ್ಲಿ. ಗಡಸುತನ ಅಳೆಯುವ ಕಿಟ್ಟು ಇಂದು ಕೆಲವು ನೂರು ರೂಪಾಯಿಗೆ ಸಿಗುತ್ತದೆ.